ಹಿಂದಿನ ಜೋಡಿ ಟೈರು ಬಿಚ್ಚಿ ಒಂಟಿ ಟೈರು ಹಾಕುವ ಮುನ್ನ: ಭಾರ ಎಲ್ಲಿ ಬೀಳುತ್ತದೆ ಎಂಬ ಲೆಕ್ಕ

ಭಾರೀ ಲಾರಿಯ ಹಿಂದಿನ ಆಕ್ಸಲ್‌ನಲ್ಲಿ ಬದಿಗೆರಡರಂತೆ ನಾಲ್ಕು ಟೈರುಗಳಿರುವುದು ರೂಢಿ. ಅವನ್ನು ಕಳಚಿ ಬದಿಗೊಂದರಂತೆ ಎರಡೇ ಅಗಲವಾದ ಟೈರು ಕೂರಿಸುವ ಕೆಲಸಕ್ಕೆ ಎರಡು ಬಗೆಯ ಗಾಡಿಗಳು ಬರುತ್ತವೆ. ಒಂದು, ಹೆದ್ದಾರಿಯಲ್ಲಿ ದಿನವಿಡೀ ಓಡುವ ಟ್ಯಾಂಕರ್, ಟ್ರೇಲರ್‌ಗಳಂಥವು. ಗಾಡಿಯ ತೂಕ ಇಳಿಯಬೇಕು, ಡೀಸೆಲ್ ಉಳಿಯಬೇಕು ಎಂಬುದು ಇವುಗಳ ಅಗತ್ಯ. ಇನ್ನೊಂದು, ಮರಳು, ಕೆಸರು, ಕಲ್ಲುದಾರಿಗೆಂದೇ ಇಟ್ಟುಕೊಂಡ, ಎಲ್ಲ ಚಕ್ರಗಳಿಗೂ ಎಂಜಿನ್ ಶಕ್ತಿ ಹೋಗುವ ಲಾರಿಗಳು. ಇವಕ್ಕೆ ಬೇಕಿರುವುದು ಹಿಡಿತ. ಎರಡಕ್ಕೂ ಬೇಕಾದ ಟೈರು ಬೇರೆ, ಡಿಸ್ಕ್ (ಟೈರು ಕೂರುವ ಲೋಹದ ಚಕ್ರ) ಬೇರೆ. ಆದರೆ ಎರಡರಲ್ಲೂ ಕೆಲಸ ಕೆಡುವುದು ಒಂದೇ ಕಾರಣಕ್ಕೆ: ಟೈರಿನ ಅಗಲ ನೋಡಿ ಸಮಾಧಾನಪಟ್ಟುಕೊಂಡು, ಆ ಟೈರಿನ ಮೂಲಕ ಭಾರ ಹಬ್ಬಿನ (ಆಕ್ಸಲ್ ತುದಿಯಲ್ಲಿ ತಿರುಗುವ, ಡಿಸ್ಕ್ ಬಿಗಿಯುವ ಭಾಗದ) ಯಾವ ಜಾಗಕ್ಕೆ ಇಳಿಯುತ್ತದೆ ಎಂಬುದನ್ನು ಅಳೆಯದೇ ಇರುವುದು.

ಮೊದಲು ಟೈರಿನ ಲೆಕ್ಕ

ಟೈರಿನ ಪಕ್ಕದಲ್ಲಿ 146/143 ಎಂಬಂಥ ಜೋಡಿ ಸಂಖ್ಯೆ ಇರುತ್ತದೆ. ಇದು ಲೋಡ್ ಇಂಡೆಕ್ಸ್. ಮೊದಲನೆಯದು ಒಂಟಿಯಾಗಿ ಹಾಕಿದಾಗಿನದು, ಎರಡನೆಯದು ಜೋಡಿಯಲ್ಲಿ ಹಾಕಿದಾಗಿನದು. 146 ಅಂದರೆ 3000 ಕೆಜಿ, 143 ಅಂದರೆ 2725 ಕೆಜಿ. ಜೋಡಿಯಲ್ಲಿ ಒಂದೊಂದು ಟೈರಿನ ಸಾಮರ್ಥ್ಯವನ್ನು ಕಡಿಮೆ ಹಿಡಿಯುವುದಕ್ಕೆ ಕಾರಣವಿದೆ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ, ಭಾರಕ್ಕೆ ಆಕ್ಸಲ್ ಸ್ವಲ್ಪ ಬಾಗುತ್ತದೆ, ಎರಡು ಟೈರುಗಳ ಗಾಳಿಯೂ ಯಾವತ್ತೂ ಕರಾರುವಾಕ್ಕಾಗಿ ಸಮ ಇರುವುದಿಲ್ಲ. ಹೀಗಾಗಿ ಜೋಡಿಯಲ್ಲಿ ಯಾವುದೋ ಒಂದು ಟೈರು ತನ್ನ ಪಾಲಿಗಿಂತ ಹೆಚ್ಚು ಹೊರುತ್ತಲೇ ಇರುತ್ತದೆ.

10.00ಆರ್20 ಅಳತೆಯ 146/143 ಟೈರು ನಾಲ್ಕಿದ್ದರೆ ಆಕ್ಸಲ್ ಹೊರುವುದು 10,900 ಕೆಜಿ. ಅದರಲ್ಲಿ ಬದಿಗೊಂದನ್ನು ತೆಗೆದುಬಿಟ್ಟರೆ ಉಳಿಯುವುದು 6000 ಕೆಜಿ. ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ‘ಖಾಲಿ ಗಾಡಿ ತಾನೇ, ಹೊರಗಿನ ಟೈರು ತೆಗೆದು ಓಡಿಸೋಣ’ ಎನ್ನುವವರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಅವರ ನಿಜವಾದ ತೊಂದರೆ ಟೈರಿನಲ್ಲಿಲ್ಲ, ಬೇರಿಂಗಿನಲ್ಲಿದೆ. ಅದನ್ನು ಮುಂದೆ ನೋಡೋಣ.

ಒಂಟಿಯಾಗಿಯೇ ಹೊರಲೆಂದು ಮಾಡಿದ ಟೈರುಗಳ ಸಾಮರ್ಥ್ಯ ಹೀಗಿದೆ. 445/50ಆರ್22.5 ಅಳತೆಯದು 161 ಇಂಡೆಕ್ಸಿನಲ್ಲಿ 4625 ಕೆಜಿ ಹೊರುತ್ತದೆ, ಅದೂ 8.3 ಬಾರ್ ಅಂದರೆ 120 ಪಿಎಸ್ಐ ಗಾಳಿ ಇದ್ದರೆ. ಎರಡಕ್ಕೆ 9250 ಕೆಜಿ. 455/55ಆರ್22.5 ಅಳತೆಯದು 164 ಇಂಡೆಕ್ಸಿನಲ್ಲಿ 5000 ಕೆಜಿ. ಟ್ರೇಲರ್‌ಗಳಲ್ಲೂ ಮುಂದಿನ ಆಕ್ಸಲ್‌ಗಳಲ್ಲೂ ಬಳಕೆಯಲ್ಲಿರುವ 385/65ಆರ್22.5 ಅಳತೆಯದು 160 ಇಂಡೆಕ್ಸಿನಲ್ಲಿ 4500 ಕೆಜಿ ಹೊರುತ್ತದೆ. ಇದಕ್ಕೆ 9 ಬಾರ್ ಗಾಳಿ ಬೇಕು. ಕಲ್ಲುದಾರಿಯ ಟೈರುಗಳಲ್ಲಿ 395/85ಆರ್20 ಅಳತೆಯದು 168ಜಿ ಗುರುತಿನಲ್ಲಿ ಬರುತ್ತದೆ: 5600 ಕೆಜಿ, ಗಂಟೆಗೆ 90 ಕಿ.ಮೀ. ವೇಗದ ಮಿತಿಯೊಳಗೆ. 14.00ಆರ್20 ಅಳತೆಯಲ್ಲಿ 164 ಇಂಡೆಕ್ಸಿನ ಟೈರು 5000 ಕೆಜಿ ಹೊರುತ್ತದೆ. ಒಂದೇ ಅಳತೆಯ ಟೈರು ಬೇರೆ ಬೇರೆ ಇಂಡೆಕ್ಸಿನಲ್ಲಿ ಸಿಗುವುದರಿಂದ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ನಂಬಬೇಕು. ಅಂಗಡಿಯವರ ಪಟ್ಟಿಯಲ್ಲಿ ಬರೆದದ್ದು ಸಾಲದು. ಆ ಸಂಖ್ಯೆಯ ಪಕ್ಕದ ಅಕ್ಷರವನ್ನೂ ಓದಿ. ಜಿ ಅಂದರೆ 90, ಜೆ ಅಂದರೆ 100, ಕೆ ಅಂದರೆ 110, ಎಲ್ ಅಂದರೆ 120 ಕಿ.ಮೀ.

ಟೈರು ಆರಿಸುವ ಮೊದಲು ಹಿಂದಿನ ಆಕ್ಸಲ್ಲನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಟ್ಯಾಂಕ್ ತುಂಬ ಡೀಸೆಲ್, ನೀರು, ಸಾಮಾನು, ಜನ ಎಲ್ಲ ಇರುವಾಗಲೇ ತೂಗಿಸಬೇಕು. ಸಾಧ್ಯವಿದ್ದರೆ ಎಡ ಬಲವನ್ನು ಬೇರೆ ಬೇರೆಯಾಗಿ ತೂಗಿಸಿ. ಡೀಸೆಲ್ ಟ್ಯಾಂಕು, ಬ್ಯಾಟರಿ, ಜನರೇಟರ್ ಒಂದೇ ಬದಿಗಿದ್ದರೆ ಆ ಬದಿಯ ಟೈರು ಆಕ್ಸಲ್ ಭಾರದ ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಹೊರುತ್ತಿರುತ್ತದೆ. ಹೆಚ್ಚು ಭಾರ ಇರುವ ಬದಿಯ ತೂಕಕ್ಕೆ ಶೇ. 10ರಷ್ಟು ಸೇರಿಸಿ, ಅಷ್ಟನ್ನಾದರೂ ಹೊರುವ ಟೈರನ್ನೇ ಆರಿಸುವುದು ಒಳ್ಳೆಯದು. ಡಿಸ್ಕಿಗೂ ತನ್ನದೇ ಭಾರದ ಮಿತಿ ಇದೆ. ಅದನ್ನು ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಟೈರು 5000 ಕೆಜಿ ಹೊರುತ್ತದೆ, ಡಿಸ್ಕ್ 4000ಕ್ಕೆ ಮಾಡಿದ್ದು ಎಂದಾದರೆ ನಿಮ್ಮ ಮಿತಿ 4000ವೇ.

ಭಾರದ ಗೆರೆ

ಇಡೀ ಕೆಲಸದ ತಿರುಳು ಇದು. ಡಿಸ್ಕಿನ ಆಫ್‌ಸೆಟ್ ಅಂದರೆ ರಿಮ್ಮಿನ ಅಗಲದ ನಟ್ಟನಡುವೆ ಎಳೆದ ಗೆರೆಗೂ ಡಿಸ್ಕಿನ ತಟ್ಟೆ ಹಬ್ಬಿಗೆ ಅಂಟಿಕೊಂಡು ಕೂರುವ ಮುಖಕ್ಕೂ ಇರುವ ಅಂತರ. ಜೋಡಿ ಟೈರಿಗೆ ಬಳಸುವ 9.00 × 22.5 ಡಿಸ್ಕಿನಲ್ಲಿ ಇದು 175 ಮಿ.ಮೀ. ಒಳಗಿನ ಡಿಸ್ಕನ್ನು ಒಂದು ಮುಖವಾಗಿ, ಹೊರಗಿನದನ್ನು ತಿರುವಿ ಇನ್ನೊಂದು ಮುಖವಾಗಿ ಹಾಕುತ್ತಾರೆ. ಎರಡರ ತಟ್ಟೆಗಳು ಬೆನ್ನಿಗೆ ಬೆನ್ನು ತಾಗಿ ಕೂರುತ್ತವೆ. ಒಂದು ಟೈರು ಹಬ್ಬಿನಿಂದ 175 ಮಿ.ಮೀ. ಒಳಗೆ, ಇನ್ನೊಂದು 175 ಮಿ.ಮೀ. ಹೊರಗೆ. ಹೀಗಾಗಿ ಎರಡರ ಒಟ್ಟು ಭಾರ ಬೀಳುವುದು ತಟ್ಟೆಗಳು ಕೂಡುವ ಜಾಗದಲ್ಲೇ, ಹೆಚ್ಚುಕಡಿಮೆ ಹಬ್ಬಿನ ಮುಖದ ಮೇಲೆಯೇ. ಹಬ್ಬು ತಿರುಗುವುದು ಒಳಗೊಂದು, ಹೊರಗೊಂದು ಇರುವ ಎರಡು ಬೇರಿಂಗುಗಳ ಮೇಲೆ. ಆಕ್ಸಲ್ ಮಾಡಿದವರು ಒಳ ಬೇರಿಂಗ್ ಎಷ್ಟು ದೊಡ್ಡದಿರಬೇಕು, ಹೊರ ಬೇರಿಂಗ್ ಎಷ್ಟು ಸಾಕು ಎಂದು ನಿರ್ಧರಿಸಿರುವುದು ಈ ಗೆರೆ ಇಟ್ಟುಕೊಂಡೇ.

ಶೂನ್ಯ ಆಫ್‌ಸೆಟ್ ಇರುವ ಒಂಟಿ ಡಿಸ್ಕ್ ಹಾಕಿದರೆ ಭಾರದ ಗೆರೆ ಬಹುಮಟ್ಟಿಗೆ ಹಳೆಯ ಜಾಗದಲ್ಲೇ ಇರುತ್ತದೆ. ಬೇರಿಂಗಿಗೆ ಏನೂ ಬದಲಾದಂತೆ ಅನ್ನಿಸುವುದಿಲ್ಲ. ಗೆರೆ ಹೊರಗೆ ಸರಿದರೆ ಏನಾಗುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬೇಕು. ಒಂದು ಉದಾಹರಣೆ: ಒಳ ಬೇರಿಂಗಿಗೂ ಹೊರ ಬೇರಿಂಗಿಗೂ ನಡುವೆ 130 ಮಿ.ಮೀ. ಅಂತರವಿದೆ, ಜೋಡಿ ಟೈರಿನ ಭಾರದ ಗೆರೆ ಒಳ ಬೇರಿಂಗಿನಿಂದ 50 ಮಿ.ಮೀ. ಹೊರಗಿದೆ ಎಂದುಕೊಳ್ಳಿ. ಆಗ ಹೊರ ಬೇರಿಂಗ್ ಹೊರುವುದು 130ರಲ್ಲಿ 50 ಪಾಲು, ಅಂದರೆ ಶೇ. 38. ಉಳಿದ ಶೇ. 62 ಒಳಗಿನದಕ್ಕೆ. ಈಗ 2 ಇಂಚು, ಅಂದರೆ 51 ಮಿ.ಮೀ. ಹೊರಕ್ಕೆ ಸರಿಯುವ ಡಿಸ್ಕ್ ಹಾಕಿ. ಹೊರ ಬೇರಿಂಗಿನ ಪಾಲು ಶೇ. 78ಕ್ಕೆ ಏರುತ್ತದೆ, ಒಳಗಿನದು ಶೇ. 22ಕ್ಕೆ ಇಳಿಯುತ್ತದೆ. 110 ಮಿ.ಮೀ. ಸರಿಸಿದರೆ ಭಾರದ ಗೆರೆ ಹೊರ ಬೇರಿಂಗನ್ನೂ ದಾಟಿ ಆಚೆ ಹೋಗುತ್ತದೆ. ಹೊರಗಿನದು ಶೇ. 123ರಷ್ಟು ಹೊರಬೇಕು, ಒಳಗಿನ ಬೇರಿಂಗ್ ಶೇ. 23ರಷ್ಟು ಭಾರವನ್ನು ಉಲ್ಟಾ ದಿಕ್ಕಿನಲ್ಲಿ ಹಿಡಿಯಬೇಕು. ತಕ್ಕಡಿಯ ದಂಡದಂತೆ, ಆಧಾರದ ಆಚೆಗೆ ತೂಕ ನೇತುಹಾಕಿದರೆ ಈಚಿನ ತುದಿ ಮೇಲೇಳುತ್ತದೆ.

ರೋಲರ್ ಬೇರಿಂಗಿನ ಆಯಸ್ಸು ಭಾರದ ಜೊತೆಗೆ ನೇರವಾಗಿ ಇಳಿಯುವುದಿಲ್ಲ, ಭಾರದ 10/3 ಘಾತದಲ್ಲಿ ಇಳಿಯುತ್ತದೆ. ಭಾರ ಇಮ್ಮಡಿಯಾದರೆ ಆಯಸ್ಸು ಅರ್ಧವಲ್ಲ, ಹತ್ತರಲ್ಲೊಂದು. ಮೇಲಿನ ಉದಾಹರಣೆಯಲ್ಲಿ 51 ಮಿ.ಮೀ. ಸರಿಸಿದ್ದಕ್ಕೇ ಹೊರ ಬೇರಿಂಗಿನ ಭಾರ ಇಮ್ಮಡಿಯಾಗಿದೆ. ಹೊರ ಬೇರಿಂಗ್ ಚಿಕ್ಕದಾಗಿದ್ದು ತುದಿ ಸಣ್ಣಗಾಗುತ್ತ ಹೋಗುವ ಸ್ಪಿಂಡಲ್ (ಬೇರಿಂಗುಗಳು ಕೂರುವ ಆಕ್ಸಲ್ ತುದಿ) ಇದ್ದರಂತೂ ಇದು ಇನ್ನೂ ಅಪಾಯ. ಎರಡೂ ಬೇರಿಂಗ್ ಒಂದೇ ಗಾತ್ರವಿರುವ ನೇರ ಸ್ಪಿಂಡಲ್ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಹೊರಕ್ಕೆ ಸರಿಯುವ ಡಿಸ್ಕ್ ಹಾಕಿದರೆ ಆಕ್ಸಲ್ ಮಾಡಿದ ಕಂಪನಿ ಎಷ್ಟು ಭಾರಕ್ಕೆ ಒಪ್ಪುತ್ತದೆ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು ಎನ್ನುವುದು ಇದಕ್ಕೇ.

ಈಗ ‘ಹೊರಗಿನ ಟೈರು ತೆಗೆದು ಓಡಿಸೋಣ’ ಎನ್ನುವವರ ಮಾತಿಗೆ ಬನ್ನಿ. ಒಳಗಿನ ಟೈರನ್ನು ಮಾತ್ರ ಉಳಿಸಿಕೊಂಡರೆ ಭಾರದ ಗೆರೆ 175 ಮಿ.ಮೀ. ಒಳಗೆ ಹೋಗುತ್ತದೆ. ಹೊರಗಿನದನ್ನು ಮಾತ್ರ ಉಳಿಸಿಕೊಂಡರೆ 175 ಮಿ.ಮೀ. ಹೊರಗೆ. ಎರಡರಲ್ಲೂ ಗೆರೆ ಬೇರಿಂಗುಗಳ ನಡುವಿನ ಜಾಗ ಬಿಟ್ಟು ಆಚೆ ಬೀಳುತ್ತದೆ. ಪಂಕ್ಚರ್ ಅಂಗಡಿಯವರೆಗೆ ಖಾಲಿ ಗಾಡಿಯನ್ನು ನಿಧಾನವಾಗಿ ಸಾಗಿಸಲು ಇದು ನಡೆದೀತು. ದಿನಬಳಕೆಗೆ ಖಂಡಿತ ಆಗದು.

ಭಾರದ ಗೆರೆ ಹೊರಗೆ ಸರಿದಾಗ ಬಾಗುವ ಒತ್ತಡ ಬೀಳುವ ಇನ್ನೊಂದು ಜಾಗ ಆಕ್ಸಲ್ ಹೌಸಿಂಗ್, ಅಂದರೆ ಆಕ್ಸಲ್ಲಿನ ಹೊರ ಕವಚ. ಲೀಫ್ ಸ್ಪ್ರಿಂಗುಗಳ ನಡುವಿನ ಅಂತರ 1000 ಮಿ.ಮೀ., ಎಡ ಬಲ ಚಕ್ರಗಳ ಭಾರದ ಗೆರೆಗಳ ನಡುವಿನ ಅಂತರ 1820 ಮಿ.ಮೀ. ಇದ್ದರೆ ಸ್ಪ್ರಿಂಗಿನಿಂದ ಗೆರೆಗೆ 410 ಮಿ.ಮೀ. ದೂರ. ಅದನ್ನು 2040ಕ್ಕೆ ಅಗಲಿಸಿದರೆ, ಅಂದರೆ ಬದಿಗೆ 110 ಮಿ.ಮೀ. ಸರಿಸಿದರೆ, ದೂರ 520 ಮಿ.ಮೀ. ಆಗುತ್ತದೆ. ಅಷ್ಟೇ ಭಾರಕ್ಕೆ ಹೌಸಿಂಗ್ ಮೇಲಿನ ಬಾಗು ಒತ್ತಡ ಶೇ. 27 ಹೆಚ್ಚು.

ಇದನ್ನೆಲ್ಲ ಹೇಳಿದ್ದು ಕೆಲಸವೇ ಬೇಡ ಎನ್ನಲು ಅಲ್ಲ. ಇದೇ ಲೆಕ್ಕದಲ್ಲಿ ದಾರಿಯೂ ಇದೆ. 10 ಟನ್ ಹೊರಲು ಮಾಡಿದ ಆಕ್ಸಲ್ ಮೇಲೆ ನಿಮ್ಮ ಗಾಡಿ ಇಡುವುದು 5 ಟನ್ ಮಾತ್ರ ಎಂದಾದರೆ, ಅದೇ 2040ಕ್ಕೆ ಅಗಲಿಸಿದರೂ ಹೌಸಿಂಗಿನ ಒತ್ತಡ ಮೂಲ ವಿನ್ಯಾಸಕ್ಕಿಂತ ಕಡಿಮೆಯೇ ಉಳಿಯುತ್ತದೆ. ಆದರೆ ಬೇರಿಂಗ್ ನೋಡಿ: ಬದಿಗೆ 2.5 ಟನ್, ಅದರ ಶೇ. 123 ಅಂದರೆ 3.1 ಟನ್. ಮೊದಲು ಪೂರ್ಣ ಭಾರದಲ್ಲಿ 5 ಟನ್ನಿನ ಶೇ. 38, ಅಂದರೆ 1.9 ಟನ್ ಇತ್ತು. ಗಾಡಿಯ ಭಾರ ಅರ್ಧಕ್ಕಿಳಿಸಿದರೂ ಹೊರ ಬೇರಿಂಗಿನ ಆಯಸ್ಸು ಐದರಲ್ಲೊಂದಕ್ಕೆ ಬಂತು. ಬೇರಿಂಗನ್ನು ಹೆಚ್ಚು ಸಲ ಬಿಚ್ಚಿ ನೋಡುವ, ಬೇಗ ಬದಲಿಸುವ ತಯಾರಿ ಇದ್ದವರಿಗೆ ಇದು ಒಪ್ಪಬಹುದಾದ ವ್ಯವಹಾರ. ತುಂಬು ಭಾರದಲ್ಲಿ ದುಡಿಯುವ ಟಿಪ್ಪರಿಗೆ ಅಲ್ಲವೇ ಅಲ್ಲ.

ಡಿಸ್ಕಿಗೆ ಆರ್ಡರ್ ಕೊಡುವಾಗ ಒಂದು ಎಚ್ಚರ. ಆಫ್‌ಸೆಟ್ ಮುಂದೆ ಹಾಕುವ ಪ್ಲಸ್, ಮೈನಸ್ ಗುರುತಿಗೆ ಎಲ್ಲರೂ ಒಂದೇ ಅರ್ಥ ಹಿಡಿಯುವುದಿಲ್ಲ. ‘ಟೈರಿನ ನಡುಗೆರೆ ಹಬ್ಬಿನ ಮುಖದಿಂದ ಗಾಡಿಯ ಹೊರಕ್ಕೆ 51 ಮಿ.ಮೀ. ಇರಬೇಕು’ ಎಂದು ಮಾತಿನಲ್ಲಿ ಬರೆದು, ಜೊತೆಗೊಂದು ಚಿತ್ರ ಬಿಡಿಸಿ ಕೊಡಿ.

ಹೆದ್ದಾರಿಯ ಗಾಡಿಗೆ

445/50ಆರ್22.5 ಟೈರಿಗೆ 14.00 × 22.5 ಡಿಸ್ಕ್ ಬೇಕು. ಇದು ಶೂನ್ಯ, 1 ಇಂಚು, 2 ಇಂಚು ಆಫ್‌ಸೆಟ್‌ಗಳಲ್ಲಿ ಸಿಗುತ್ತದೆ. ಈ ಬಗೆಯ ಅಗಲ ಟೈರುಗಳು ಹೆದ್ದಾರಿಯಲ್ಲಿ ನೆಲೆಯೂರಿದ್ದು 2000ದಲ್ಲಿ ಮಿಶೆಲಿನ್ ಕಂಪನಿ ಎಕ್ಸ್ ಒನ್ ಟೈರನ್ನು ಉತ್ತರ ಅಮೆರಿಕದ ಮಾರುಕಟ್ಟೆಗೆ ತಂದ ಮೇಲೆ. ಉಳಿತಾಯದ ಮೂಲ ಸರಳ. ಆಕ್ಸಲ್‌ಗೆ ನಾಲ್ಕು ಟೈರೆಂದರೆ ಎಂಟು ಪಕ್ಕದ ಗೋಡೆಗಳು ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತ ಬಿಸಿಯಾಗುತ್ತವೆ. ಎರಡೇ ಟೈರಾದರೆ ಗೋಡೆಗಳು ನಾಲ್ಕು. ಉಕ್ಕಿನ ಜೋಡಿ ಡಿಸ್ಕ್ ಬಿಟ್ಟು ಅಲ್ಯುಮಿನಿಯಮ್ ಒಂಟಿ ಡಿಸ್ಕಿಗೆ ಬಂದರೆ ಆಕ್ಸಲ್‌ಗೆ ಸುಮಾರು 80ರಿಂದ 120 ಕೆಜಿ ತೂಕವೂ ಇಳಿಯುತ್ತದೆ.

445/50ಆರ್22.5 ಟೈರಿನ ಎತ್ತರ ಸುಮಾರು 1017 ಮಿ.ಮೀ. 275/80ಆರ್22.5 ಟೈರಿನದು 1012. ಹಾಗಾಗಿ ಗೇರು, ಸ್ಪೀಡೋಮೀಟರ್ ಮುಟ್ಟುವ ಅಗತ್ಯವಿಲ್ಲ. 295/80ಆರ್22.5 ಇದ್ದ ಗಾಡಿಗೆ 385/65ಆರ್22.5 ಹಾಕಿದರೆ ಎತ್ತರ ಶೇ. 2.7ರಷ್ಟು ಹೆಚ್ಚುತ್ತದೆ. ಆಗ ಸ್ಪೀಡೋಮೀಟರ್ ತಿದ್ದಬೇಕು.

ಶೂನ್ಯ ಆಫ್‌ಸೆಟ್ ಬೇರಿಂಗಿಗೆ ಹಿತ ಎಂದಮೇಲೆ 2 ಇಂಚಿನದನ್ನು ಯಾಕೆ ಮಾಡುತ್ತಾರೆ? ಗಾಡಿ ಮಗುಚದಿರಲಿ ಎಂದು. ತಿರುವಿನಲ್ಲಿ ಗಾಡಿ ವಾಲಿದಾಗ ಜೋಡಿಯಲ್ಲಿ ಭಾರವೆಲ್ಲ ಹೊರಗಿನ ಟೈರಿನ ಮೇಲೆ ಬಂದು ಕೂರುತ್ತದೆ. ಮಗುಚುವ ಅಂಚು ಅದೇ. ಶೂನ್ಯ ಆಫ್‌ಸೆಟ್ ಒಂಟಿ ಟೈರಿನಲ್ಲಿ ಆ ಅಂಚು ಒಳಕ್ಕೆ ಬರುತ್ತದೆ. ಹೊರಮೈ ಲೆಕ್ಕ ನೋಡಿದರೂ, 295 ಟೈರುಗಳ ಜೋಡಿ 350 ಮಿ.ಮೀ. ಅಂತರದಲ್ಲಿ ಬದಿಗೆ ಸುಮಾರು 645 ಮಿ.ಮೀ. ಅಗಲ ಇತ್ತು. 455ರ ಟೈರು ಹಾಕಿದರೆ ಪ್ರತಿ ಬದಿಯ ಹೊರ ಅಂಚು 95 ಮಿ.ಮೀ. ಒಳ ಸರಿಯುತ್ತದೆ. ಹಾಲು, ನೀರು, ಇಂಧನದ ಟ್ಯಾಂಕರ್‌ಗಳಂಥ ಎತ್ತರದ, ಒಳಗೆ ದ್ರವ ತುಳುಕುವ ಗಾಡಿಗೆ ಇದು ಸಣ್ಣ ಮಾತಲ್ಲ. ಇಂಥ ಗಾಡಿಗೆ 2 ಇಂಚಿನ ಡಿಸ್ಕ್ ಹಾಕಿ, ಆಕ್ಸಲ್ ಭಾರವನ್ನು ಕಂಪನಿ ಒಪ್ಪಿದ ಮಿತಿಗೆ ಇಳಿಸಿಕೊಳ್ಳುವುದೇ ಸರಿ.

ಕಲ್ಲು, ಮರಳಿನ ಗಾಡಿಗೆ

ಮರಳಿನಲ್ಲಿ ಮುಂದಿನ ಟೈರು ಒಂದು ಹಾದಿ ತುಳಿದು ಗಟ್ಟಿ ಮಾಡಿಕೊಡುತ್ತದೆ. ಹಿಂದಿನ ಟೈರು ಅದೇ ಹಾದಿಯಲ್ಲಿ ಉರುಳಿದರೆ ಅರ್ಧ ಕೆಲಸ ಮುಗಿದಂತೆ. ಜೋಡಿ ಟೈರು ಹಾಗೆ ಉರುಳುವುದಿಲ್ಲ, ಮೆತ್ತನೆಯ ಮರಳಿನಲ್ಲಿ ತನ್ನದೇ ಹೊಸ ಹಾದಿ ಕೊರೆಯುತ್ತ ಹೋಗಬೇಕು. ಎರಡರ ನಡುವೆ ಕಲ್ಲು ಸಿಕ್ಕಿಕೊಂಡು ಪಕ್ಕದ ಗೋಡೆ ಹರಿಯುತ್ತದೆ. ಹಿಡಿತಕ್ಕಾಗಿ ಗಾಳಿ ಇಳಿಸೋಣವೆಂದರೆ ಉಬ್ಬಿದ ಗೋಡೆಗಳು ಒಂದಕ್ಕೊಂದು ಉಜ್ಜುತ್ತವೆ. ಅಮೆರಿಕದ ಸೇನೆ ತನ್ನ ಲಾರಿಗಳಲ್ಲಿ ಇದೇ ದಾರಿ ಹಿಡಿಯಿತು: ಜೋಡಿ ಟೈರಿನ ಎಂ939 ನಂತರದ ಎಂ939ಎ1ಗೆ 14.00ಆರ್20 ಒಂಟಿ ಟೈರು ಬಂತು, ಎರಡೂವರೆ ಟನ್ನಿನ ಎಂ35ಎ3 ಕೂಡ 14.5ಆರ್20 ಒಂಟಿ ಟೈರಿಗೆ ಬದಲಾಯಿತು.

ಇಲ್ಲಿ ಗುರಿ ಎರಡು: ಹಿಂದಿನ ಟೈರು ಮುಂದಿನದರ ಜಾಡಿನಲ್ಲೇ ಉರುಳಬೇಕು, ಎಲ್ಲ ಕಡೆಗೂ ಒಂದೇ ಸ್ಟೆಪ್ನಿ ಆಗಬೇಕು. ಅಳತೆ ಹೀಗೆ ತೆಗೆಯಿರಿ. ಮುಂದಿನ ಎರಡು ಟೈರುಗಳ ನಡುಗೆರೆಗಳ ಅಂತರ 2040 ಮಿ.ಮೀ. ಇದೆ, ಹಿಂದಿನ ಹಬ್ಬುಗಳ ಮುಖದಿಂದ ಮುಖಕ್ಕೆ 1800 ಮಿ.ಮೀ. ಇದೆ ಎಂದುಕೊಳ್ಳಿ. 2040ರಲ್ಲಿ 1800 ಕಳೆದರೆ 240. ಬದಿಗೆ 120. ಹಿಂದಿನ ಡಿಸ್ಕ್ ಟೈರನ್ನು 120 ಮಿ.ಮೀ. ಹೊರಗೆ ಹಿಡಿಯಬೇಕು. ಹಳೆಯ 175 ಮಿ.ಮೀ. ಡಿಸ್ಕನ್ನೇ ಹೊರಮುಖವಾಗಿ ಹಾಕಿದ್ದರೆ ಅಂತರ 2150 ಆಗಿ ಬದಿಗೆ 55 ಮಿ.ಮೀ. ಜಾಡು ತಪ್ಪುತ್ತಿತ್ತು, ಬೇರಿಂಗೂ ಇನ್ನಷ್ಟು ಹೆಣಗಬೇಕಿತ್ತು. ಜಾಡು ಕೂಡಿಸುವ ಆಸೆಗೆ ಬೇರಿಂಗ್ ಬೆಲೆ ತೆರುತ್ತದೆ ಎಂಬುದು ಮೇಲಿನ ಲೆಕ್ಕದಲ್ಲೇ ಕಂಡಿತು. ಗಾಡಿಯ ಭಾರ ಹೆಚ್ಚಿದ್ದರೆ 20, 30 ಮಿ.ಮೀ. ಜಾಡು ವ್ಯತ್ಯಾಸ ಒಪ್ಪಿಕೊಂಡು ಗೆರೆಯನ್ನು ಒಳಗಿಡುವುದು ಜಾಣತನ. ಟೈರಿನ ಅಗಲವೇ 395 ಮಿ.ಮೀ. ಇರುವಾಗ ಅಷ್ಟು ವ್ಯತ್ಯಾಸಕ್ಕೆ ಮರಳು ತಕರಾರು ಮಾಡುವುದಿಲ್ಲ.

ಗೇರಿನ ಮಾತಿಗೆ ಬಂದರೆ, 10.00ಆರ್20 ಟೈರಿನ ಎತ್ತರ ಸುಮಾರು 1050 ಮಿ.ಮೀ., 395/85ಆರ್20 ಸುಮಾರು 1180, 14.00ಆರ್20 ಸುಮಾರು 1255. ಮೊದಲನೆಯದರಿಂದ ಮೂರನೆಯದಕ್ಕೆ ಹೋದರೆ ಎತ್ತರ ಶೇ. 19ಕ್ಕೂ ಹೆಚ್ಚು ಏರುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 72ರ ಹತ್ತಿರ ಓಡುತ್ತಿರುತ್ತದೆ. ನೆಲದ ಮೇಲೆ ಎಳೆಯುವ ಬಲ ಶೇ. 84ಕ್ಕೆ ಇಳಿಯುತ್ತದೆ. ಏರಿನಲ್ಲಿ ನಿಂತ ಗಾಡಿ ಎತ್ತುವಾಗ ಕ್ಲಚ್ ಸುಡುವುದು ಇದರಿಂದಲೇ. ಬ್ರೇಕ್ ಬಲವೂ ಅದೇ ಶೇ. 84ಕ್ಕೆ ಇಳಿಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಡ್ರಮ್ಮು, ಲೈನಿಂಗು, ಬ್ರೇಕ್ ಚೇಂಬರ್ ಹಳೆಯವೇ, ಆದರೆ ಅವು ತಡೆಯಬೇಕಾದ ಚಕ್ರದ ತ್ರಿಜ್ಯ ಉದ್ದವಾಗಿದೆ. ಹಳೆಯ ಎಳೆತ ಮರಳಿ ಬೇಕಿದ್ದರೆ ಡಿಫರೆನ್ಷಿಯಲ್ಲಿನ ಅನುಪಾತವನ್ನು 5.6 ಇದ್ದರೆ 6.7ರ ಆಸುಪಾಸಿಗೆ ಏರಿಸಬೇಕು, ಅದೂ ಮುಂದೆ ಹಿಂದೆ ಎರಡೂ ಕಡೆ ಒಟ್ಟಿಗೆ. ಇಷ್ಟೆಲ್ಲ ಬೇಡ ಎನ್ನುವವರಿಗೆ 395/85ಆರ್20 ಒಳ್ಳೆಯ ಆಯ್ಕೆ. ಎತ್ತರ ಶೇ. 12 ಮಾತ್ರ ಹೆಚ್ಚುತ್ತದೆ, ಭಾರ ಹೊರುವ ಸಾಮರ್ಥ್ಯ ಹೆಚ್ಚು. ಮುಂದೆ ಹಿಂದೆ ಸದಾ ಒಟ್ಟಿಗೆ ಎಳೆಯುವ ಗಾಡಿಯಲ್ಲಿ ಹಿಂದೆ ಮಾತ್ರ ಟೈರು ಬದಲಿಸಿ ಮುಂದಿನದನ್ನು ಹಾಗೇ ಬಿಡಬೇಡಿ. ಎತ್ತರ ಬೇರೆಯಾದರೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಗೇರುಪೆಟ್ಟಿಗೆ) ಒಳಗೆ ಗೇರುಗಳು ಒಂದನ್ನೊಂದು ತಿರುಚುತ್ತ ಬಿಸಿಯಾಗುತ್ತವೆ.

ಸ್ಟಡ್ಡು, ನಟ್ಟು, ತಟ್ಟೆ

ಡಿಸ್ಕ್ ಹಬ್ಬಿನ ಮೇಲೆ ನಡುವಾಗಿ ಕೂರುವುದಕ್ಕೆ ಎರಡು ವಿಧಾನಗಳಿವೆ. ಒಂದರಲ್ಲಿ ಹಬ್ಬಿನ ನಡುವಿನ ದಿಂಡೇ ಡಿಸ್ಕಿನ ತೂತನ್ನು ಹಿಡಿದು ಕೂರಿಸುತ್ತದೆ, ನಟ್ಟುಗಳ ಕೆಲಸ ಒತ್ತಿ ಹಿಡಿಯುವುದಷ್ಟೇ. ಇನ್ನೊಂದರಲ್ಲಿ ಗೋಲಾಕಾರದ ನಟ್ಟುಗಳು ಡಿಸ್ಕಿನ ಬಟ್ಟಲು ತೂತುಗಳಲ್ಲಿ ಕೂತು ನಡು ಮಾಡುತ್ತವೆ. ಎರಡರ ಭಾಗಗಳನ್ನು ಬೆರೆಸಿದರೆ ಡಿಸ್ಕ್ ಕೂತಂತೆ ಕಾಣುತ್ತದೆ, ಬಿಗಿದ ಹಾಗೂ ಅನ್ನಿಸುತ್ತದೆ, ಆದರೆ ಸ್ಟಡ್ಡು (ಹಬ್ಬಿನಿಂದ ಹೊರಚಾಚಿದ, ನಟ್ಟು ಕೂರುವ ಬೋಲ್ಟು) ತುಂಡಾಗಿಯೋ ತೂತು ಉದ್ದವಾಗಿಯೋ ಚಕ್ರ ಕಳಚುತ್ತದೆ. ತೂತುಗಳ ಸಂಖ್ಯೆ, ಅವುಗಳ ವೃತ್ತದ ಅಳತೆ, ನಡುವಿನ ತೂತು ಮೂರೂ ಹೊಂದಬೇಕು. 10 ಸ್ಟಡ್ಡಿನ ಹಬ್ಬಿನಲ್ಲೇ 335 ಮಿ.ಮೀ. ವೃತ್ತ, 281 ಮಿ.ಮೀ. ನಡುತೂತು ಇರುವುದೊಂದು, 285.75 ಮಿ.ಮೀ. ವೃತ್ತ, 220 ಮಿ.ಮೀ. ನಡುತೂತು ಇರುವುದೊಂದು ಬಳಕೆಯಲ್ಲಿವೆ.

ಗೋಲ ನಟ್ಟಿನ ಜೋಡಿಯಲ್ಲಿ ಒಳಗಿನ ಡಿಸ್ಕನ್ನು ಹಿಡಿಯುವ ಉದ್ದನೆಯ ಒಳ ನಟ್ಟು ಬೇರೆಯೇ ಇರುತ್ತದೆ, ಹೊರಗಿನ ನಟ್ಟು ಅದರ ಮೇಲೆ ಕೂರುತ್ತದೆ. ಒಂಟಿ ಡಿಸ್ಕಿಗೆ ಇವೆರಡೂ ಹೊಂದುವುದಿಲ್ಲ. ಒಂಟಿ ಡಿಸ್ಕಿಗೆಂದೇ ಇರುವ ನಟ್ಟು ತರಬೇಕು. ಈ ಮಾದರಿಯ ಬಹಳಷ್ಟು ಗಾಡಿಗಳಲ್ಲಿ ಎಡಬದಿಯ ಚಕ್ರದ ಮರೆ (ಸ್ಟಡ್ಡು, ನಟ್ಟುಗಳ ಸುರುಳಿ ಗೀರು) ಎಡಕ್ಕೆ ತಿರುಗುವಂಥದ್ದು ಎಂಬುದೂ ನೆನಪಿರಲಿ. ಹಬ್ ದಿಂಡಿನ ಮಾದರಿಯಲ್ಲಿ ಕಾಡುವುದು ಸ್ಟಡ್ಡಿನ ಉದ್ದ. ಎರಡು ತಟ್ಟೆ ದಾಟಲು ಮಾಡಿದ ಸ್ಟಡ್ಡಿನಲ್ಲಿ ಒಂದೇ ತೆಳು ಉಕ್ಕಿನ ತಟ್ಟೆ ಹಾಕಿದರೆ, ನಟ್ಟು ಮರೆ ಮುಗಿದ ಜಾಗಕ್ಕೆ ಬಡಿದು ನಿಲ್ಲಬಹುದು. ಟಾರ್ಕ್ ರೆಂಚ್ ‘ಬಿಗಿಯಾಯಿತು’ ಎನ್ನುತ್ತದೆ, ತಟ್ಟೆ ಮಾತ್ರ ಸಡಿಲವಾಗಿಯೇ ಇರುತ್ತದೆ. ಡಿಸ್ಕ್ ಇಲ್ಲದೆ ನಟ್ಟನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಅದರ ಕೆಳಮುಖದಿಂದ ಹಬ್ಬಿಗೆ ಉಳಿದ ಅಂತರ ಅಳೆಯಿರಿ. ಅದು ತಟ್ಟೆಯ ದಪ್ಪಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಡ್ರಮ್ಮು ಹಬ್ಬಿನ ಹೊರಮುಖಕ್ಕೆ ಕೂರುವ ಮಾದರಿಯಾದರೆ ಡ್ರಮ್ಮಿನ ತಟ್ಟೆಯ ದಪ್ಪವನ್ನೂ ಸೇರಿಸಿಕೊಳ್ಳಿ. ಅಲ್ಯುಮಿನಿಯಮ್ ತಟ್ಟೆ ಉಕ್ಕಿನದಕ್ಕಿಂತ ಎರಡು ಪಟ್ಟು ದಪ್ಪ ಇರುವುದರಿಂದ ಅಲ್ಲಿ ತೊಂದರೆ ಉಲ್ಟಾ: ಮರೆ ಸಾಲದೆ ಬರಬಹುದು. ಅಂಥ ಕಡೆ ಸ್ಟಡ್ಡನ್ನೇ ಬದಲಿಸಬೇಕು.

ಹಳೆಯ ಡಿಸ್ಕಿನ ತಟ್ಟೆ ಕತ್ತರಿಸಿ ಬೇರೆ ಆಫ್‌ಸೆಟ್‌ನಲ್ಲಿ ವೆಲ್ಡ್ ಮಾಡಿ ಕೊಡುವವರಿದ್ದಾರೆ. ಬೇಡ. ಪ್ರತಿ ಸುತ್ತಿಗೂ ಟನ್ನುಗಟ್ಟಲೆ ಭಾರದಲ್ಲಿ ಆ ವೆಲ್ಡು ಬಾಗುತ್ತ ಏಳುತ್ತದೆ. ಬಿರುಕು ಮೊದಲು ಒಳಬದಿಯಲ್ಲಿ ಹುಟ್ಟುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬೇಕಾದ ಆಫ್‌ಸೆಟ್‌ನಲ್ಲಿ ಭಾರದ ಮಿತಿ ಅಚ್ಚೊತ್ತಿದ ಡಿಸ್ಕನ್ನೇ ಡಿಸ್ಕ್ ಕಾರ್ಖಾನೆಯಿಂದ ಮಾಡಿಸಬೇಕು. ದಪ್ಪ ಸ್ಪೇಸರ್ ತಟ್ಟೆಗಳೂ ಇಷ್ಟು ಭಾರದ ಗಾಡಿಗೆ ತಕ್ಕುದಲ್ಲ.

ಬಿಚ್ಚುವ, ಕೂರಿಸುವ ಕ್ರಮ

ಗಾಡಿಯನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಆಕ್ಸಲ್ಲನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಇಳಿಸಿ. ನಟ್ಟಿಗೆ ಕೈ ಹಾಕುವ ಮೊದಲು ಎರಡೂ ಟೈರಿನ ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಇಳಿಸಬೇಕು. 20 ಇಂಚಿನ ಹಳೆಯ ಡಿಸ್ಕುಗಳು ಲಾಕ್ ರಿಂಗ್ (ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಬಿಡಿ ಉಕ್ಕಿನ ಬಳೆ) ಇರುವಂಥವು. ಒಳಗಿನ ರಿಮ್ಮು ಬಿರುಕು ಬಿಟ್ಟಿದ್ದರೆ ಅದನ್ನು ಹಿಡಿದಿಟ್ಟಿರುವುದು ಹೊರಗಿನ ಡಿಸ್ಕು ಮತ್ತು ನಟ್ಟುಗಳೇ. ಗಾಳಿ ಇರುವಾಗ ನಟ್ಟು ಸಡಿಲಿಸಿದರೆ ರಿಂಗು ಸಿಡಿದು ಎದುರಿಗಿದ್ದವರ ಪ್ರಾಣ ತೆಗೆಯುತ್ತದೆ. ಗಾಳಿ ತುಂಬುವಾಗಲೂ ರಿಂಗಿನ ಟೈರನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಪೈಪಿನಲ್ಲಿ, ಬದಿಗೆ ನಿಂತು ತುಂಬಬೇಕು. ಈ ವಿಷಯದಲ್ಲಿ ಯಾವ ಅವಸರಕ್ಕೂ ಜಾಗವಿಲ್ಲ.

ಚಕ್ರ ಹೊರಬಂದ ಮೇಲೆ ಹಬ್ಬನ್ನೂ ಬಿಚ್ಚಿ. ಭಾರದ ಗೆರೆ ಸರಿಯುತ್ತಿರುವಾಗ ಹಳೆಯ ಬೇರಿಂಗ್ ಮೇಲೆ ಹೊಸ ಒತ್ತಡ ಹೇರುವುದರಲ್ಲಿ ಅರ್ಥವಿಲ್ಲ. ಹೊರ ಬೇರಿಂಗು, ಅದರ ಹೊರ ರಿಂಗು, ಆಯಿಲ್ ಸೀಲು ಹೊಸದು ಹಾಕಿ. ನಟ್ಟಿನಿಂದ ಹೊಂದಿಸುವ ಮಾದರಿಯಲ್ಲಿ ಹಬ್ಬಿನ ಒಳಹೊರ ಆಟ 0.025ರಿಂದ 0.125 ಮಿ.ಮೀ. ನಡುವೆ ಇರಬೇಕು. ಡಯಲ್ ಗೇಜ್ ಇಲ್ಲದೆ ಇದು ಕೈಗೆ ತಿಳಿಯುವ ಅಳತೆಯಲ್ಲ. ಹಬ್ಬಿನ ಮುಖ, ದಿಂಡು, ಡಿಸ್ಕಿನ ತಟ್ಟೆಯ ತುಕ್ಕು, ದಪ್ಪ ಬಣ್ಣ ಕೆರೆದು ತೆಗೆಯಿರಿ. ಬಣ್ಣದ ಪದರ ಓಡಾಟದಲ್ಲಿ ಪುಡಿಯಾಗಿ ಉದುರಿದಷ್ಟೂ ನಟ್ಟಿನ ಹಿಡಿತ ಸಡಿಲವಾಗುತ್ತದೆ. ಒಂದು ಸ್ಟಡ್ಡು ತುಂಡಾಗಿದ್ದರೆ ಅದರ ಎರಡು ಪಕ್ಕದವನ್ನೂ ಬದಲಿಸಿ, ಅವು ಈಗಾಗಲೇ ಎಳೆದು ಸೋತಿರುತ್ತವೆ.

ಡಿಸ್ಕ್ ಕೂರಿಸುವಾಗ ಹಬ್ ದಿಂಡಿನ ಒಂದು ಗೂಟ (ಡಿಸ್ಕಿನ ನಡುತೂತನ್ನು ಹೊರುವ ಉಬ್ಬು) ಮೇಲ್ಗಡೆ ನೇರಕ್ಕಿರಲಿ. ಎರಡು ತುಂಡಿನ ನಟ್ಟಿನಲ್ಲಿ ನಟ್ಟಿಗೂ ಅದರ ವಾಷರಿಗೂ ನಡುವೆ ಒಂದೆರಡು ಹನಿ ಎಣ್ಣೆ ಬಿಡಿ, ಸ್ಟಡ್ಡಿನ ಮೊದಲ ಮರೆಗಳಿಗೂ ಸ್ವಲ್ಪ ಸವರಿ. ಡಿಸ್ಕಿನ ಮುಖಕ್ಕೆ ಎಣ್ಣೆ ತಾಗಬಾರದು. ಎದುರುಬದುರು ನಟ್ಟುಗಳನ್ನು ಮೊದಲು 70 ನ್ಯೂಟನ್ ಮೀಟರ್‌ಗೆ ಕೂರಿಸಿಕೊಂಡು, ಆಮೇಲೆ ಎಂ22 × 1.5 ಸ್ಟಡ್ಡಿಗೆ 610ರಿಂದ 680 ನ್ಯೂಟನ್ ಮೀಟರ್‌ವರೆಗೆ ಬಿಗಿಯಿರಿ. ಗಾಡಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲೇ ಆಗಬೇಕು, ಗಾಳಿ ಗನ್ನಿನಲ್ಲಿ ಅಲ್ಲ. 80ರಿಂದ 160 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ನೆಲಕ್ಕಿಳಿಸುವ ಮೊದಲು ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಬ್ರೇಕ್ ಚೇಂಬರ್, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಮಡ್‌ಗಾರ್ಡ್, ಚಾಸಿ ಯಾವುದಕ್ಕೂ 25 ಮಿ.ಮೀ.ಗಿಂತ ಹತ್ತಿರ ಟೈರಿನ ಗೋಡೆ ಬರಬಾರದು. ಭಾರ ಬಿದ್ದಾಗ ಗೋಡೆ ಇನ್ನೂ ಉಬ್ಬುತ್ತದೆ, ಲೀಫ್ ಸ್ಪ್ರಿಂಗು ಪಕ್ಕಕ್ಕೆ ತುಸು ಓಲಾಡುತ್ತದೆ. ದೊಡ್ಡ ಟೈರಾದರೆ ಒಂದು ಬದಿ ಬಂಪ್ ಸ್ಟಾಪ್ (ಆಕ್ಸಲ್ ಇನ್ನೂ ಮೇಲೇಳದಂತೆ ತಡೆಯುವ ಆಧಾರ) ಮುಟ್ಟುವವರೆಗೆ ಎತ್ತಿ ಮೇಲ್ಗಡೆಯೂ ನೋಡಬೇಕು. ಟೈರಿನ ಗಾಳಿ ತೋರಿಸುವ ಸೆನ್ಸರ್ ಇದ್ದರೆ ಹಿಂದೆ ಎರಡೇ ಟೈರು ಎಂದು ಅದಕ್ಕೆ ತಿಳಿಸಿ. ಟೈರಿನ ಎತ್ತರ ಬದಲಾಗಿದ್ದರೆ ಎಬಿಎಸ್ ಕಂಪ್ಯೂಟರಿಗೂ ತಿಳಿಸಬೇಕು.

ಓಡಲಾರಂಭಿಸಿದ ಮೇಲೆ

ಮೊದಲ ವಾರಗಳಲ್ಲಿ ಪ್ರತಿ ನಿಲುಗಡೆಯಲ್ಲೂ ಹಬ್ ಮುಟ್ಟಿ ನೋಡಿ. ಒಂದು ಬದಿ ಇನ್ನೊಂದಕ್ಕಿಂತ ಗಮನಾರ್ಹವಾಗಿ ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದಿದೆ. ನಟ್ಟಿನ ಬುಡದಿಂದ ತುಕ್ಕಿನ ಬಣ್ಣದ ಗೆರೆ ಹೊರಟಿದ್ದರೆ ತಟ್ಟೆ ಅಲುಗಾಡುತ್ತಿದೆ ಎಂದೇ ಅರ್ಥ. ಒಳ ಅಂಚು ಮಾತ್ರ ಬೇಗ ಸವೆದರೆ ಭಾರಕ್ಕೆ ಆಕ್ಸಲ್ ಬಾಗುತ್ತಿದೆ. ಜೋಡಿಯಲ್ಲಿ ಇದು ಒಳಗಿನ ಟೈರಿನ ಸವೆತದಲ್ಲಿ ಅಡಗಿಹೋಗುತ್ತಿತ್ತು, ಈಗ ಒಂದೇ ಟೈರಿನ ಮೈಮೇಲೆ ಕಾಣುತ್ತದೆ.

ಗಾಳಿಯ ವಿಚಾರದಲ್ಲಿ ಹಳೆಯ ಸಡಿಲ ಅಭ್ಯಾಸ ನಡೆಯುವುದಿಲ್ಲ. ಜೋಡಿಯಲ್ಲಿ ಒಂದು ಟೈರು ಕೈಕೊಟ್ಟರೆ ಇನ್ನೊಂದು ಗಾಡಿಯನ್ನು ರಸ್ತೆ ಬದಿಗಾದರೂ ತಂದು ನಿಲ್ಲಿಸುತ್ತದೆ. ಒಂಟಿ ಟೈರು ಹೋದರೆ ರಿಮ್ಮೇ ನೆಲಕ್ಕೆ ಬೀಳುತ್ತದೆ. ಹಿಂದೆ ಒಂದೇ ಆಕ್ಸಲ್ ಇರುವ ಗಾಡಿಯಲ್ಲಿ ಇದು ಎರಡು ಆಕ್ಸಲ್ಲಿನ ಗಾಡಿಗಿಂತ ಎಷ್ಟೋ ಅಪಾಯ. ಬಿಸಿಯಾಗಿಲ್ಲದ ಟೈರಿನಲ್ಲಿ, ಬೆಳಗ್ಗೆ ಹೊರಡುವ ಮೊದಲೇ, ಗೇಜ್ ಹಾಕಿ ನೋಡಬೇಕು. ಕೋಲಿನಿಂದ ಬಡಿದು ಶಬ್ದ ಕೇಳಿದರೆ ಸಾಲದು. 20 ಇಂಚಿನ ದೊಡ್ಡ ಒಂಟಿ ಚಕ್ರ ಡಿಸ್ಕ್ ಸಮೇತ 150 ಕೆಜಿಯ ಆಸುಪಾಸು ತೂಗುತ್ತದೆ. ಸ್ಟೆಪ್ನಿ ಇಳಿಸಿ ಏರಿಸಲು ಕೈವಿಂಚ್ ಅಥವಾ ಚೈನ್ ಬ್ಲಾಕ್ ಗಾಡಿಯಲ್ಲೇ ಇರಬೇಕು.

ಕಾಗದಪತ್ರವನ್ನು ಟೈರು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ನಾಲ್ಕು ಟೈರಿನ ಆಕ್ಸಲ್ಲಿಗೆ ಕೊಟ್ಟಷ್ಟು ಭಾರವನ್ನು ಎರಡು ಟೈರಿನ ಆಕ್ಸಲ್ಲಿಗೆ ಕೊಡದ ಕಾನೂನು ಅನೇಕ ದೇಶಗಳಲ್ಲಿದೆ, ಕೆಲವು ಕಡೆ ಟೈರಿನ ಅಗಲಕ್ಕೆ ತಕ್ಕಂತೆ ಭಾರದ ಮಿತಿ ಕಟ್ಟುತ್ತಾರೆ. ಕಡಿಮೆ ನೆಲದ ಮೇಲೆ ಅದೇ ಭಾರ ಬಿದ್ದರೆ ರಸ್ತೆ ಬೇಗ ಕೆಡುತ್ತದೆ ಎಂಬುದು ಇದರ ಹಿಂದಿನ ಕಾರಣ. ನೋಂದಣಿಯಲ್ಲಿ ಟೈರಿನ ಸಂಖ್ಯೆ, ಅಳತೆ, ಆಕ್ಸಲ್ ಭಾರ ಮೂರೂ ದಾಖಲಾಗಿದ್ದರೆ ಮೂರನ್ನೂ ತಿದ್ದಿಸಬೇಕು. ಡಿಸ್ಕಿನ ಭಾರದ ಮಿತಿಯ ಪತ್ರ, ಆಕ್ಸಲ್ ಕಂಪನಿಯ ಒಪ್ಪಿಗೆ ಪತ್ರ, ವೇಬ್ರಿಡ್ಜ್ ಚೀಟಿ ಈ ಮೂರೂ ಜೊತೆಗಿದ್ದರೆ ತಪಾಸಣೆಯವರ ಮುಂದೆ ಮಾತು ಸುಲಭ. ವಿಮಾ ಕಂಪನಿಗೂ ಅದೇ ಪತ್ರಗಳ ಪ್ರತಿ ಕೊಟ್ಟು, ಬದಲಾವಣೆಯನ್ನು ಪಾಲಿಸಿಯಲ್ಲಿ ಬರೆಸಿಕೊಂಡ ಮೇಲೆಯೇ ಗಾಡಿಯನ್ನು ರಸ್ತೆಗೆ ತೆಗೆಯಿರಿ.